ಎಡಗೈಯ ಮರ್ಯಾದೆ

ನುಡಿಸಲು ಕೀಬೋರ್ಡ್ ಇಟ್ಟುಕೊಂಡವರಿಗೆ ನನ್ನ ಮಾಸಿಕದಲ್ಲಿ ನಾನು ಕೊಟ್ಟಿರುವ ಸಲಹೆಗಳಲ್ಲಿ ನಾಲ್ಕನೆಯದು ಹೀಗಿದೆ: ‘ಎಕ್ಸ್ ಆಕಾರದ ಸ್ಟ್ಯಾಂಡಿನ ಪಿನ್ನು ತೂತಿನೊಳಗೆ ಟಕ್ ಎಂದು ಕೂತ ಸದ್ದು ಕೇಳುವ ತನಕ ಅದರ ಮೇಲೆ ಏನನ್ನೂ ಇಡಬೇಡಿ. ಇಟ್ಟವರನ್ನು ಮೂರ್ಖರು ಎನ್ನಲು ನನಗೆ ಸಂಕೋಚವಿಲ್ಲ.’ ಇದನ್ನು ಬರೆದು ಹದಿಮೂರು ವರ್ಷವಾಯಿತು. ಓದುಗರ ಒತ್ತಾಯದ ಮೇರೆಗೆ ಮೂರು ಸಲ ಮತ್ತೆ ಅಚ್ಚು ಹಾಕಿದ್ದೇನೆ. ಒತ್ತಾಯ ಮಾಡಿದ ಓದುಗ ನಾನೇ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಬ್ಬ ಓದುಗನಿಗೆ ಇದೇ ಸಲಹೆಯನ್ನು ಬಿಡಿಸಿ ಹೇಳುತ್ತಾ, ಟಕ್ ಎನ್ನದ ಸ್ಟ್ಯಾಂಡಿನ ಮೇಲೆ ಹತ್ತೊಂಬತ್ತು ಕಿಲೋ ತೂಕದ ಕೀಬೋರ್ಡ್ ಇಟ್ಟೆ. ಸ್ಟ್ಯಾಂಡು ಕತ್ತರಿಯ ಹಾಗೆ ಮುಚ್ಚಿಕೊಂಡಿತು. ಮಧ್ಯೆ ನನ್ನ ಎಡಗೈ ಇತ್ತು.

“ಹಾಂ ಸಾರ್, ಟಕ್ ಅಂದಿದ್ದು ಇಲ್ಲೀವರೆಗೂ ಕೇಳಿಸ್ತು,” ಅಂದ ಆ ಕಡೆಯವನು. ಅವನಿಗೆ ಕೇಳಿಸಿದ್ದು ಪಿನ್ನಲ್ಲ, ನನ್ನ ಉಂಗುರದ ಬೆರಳು.

ಅರೇಂಜರ್ ಕೀಬೋರ್ಡ್ ಅಂದರೆ ಏನು ಅಂತ ಕೇಳುವವರಿದ್ದಾರೆ. ನನ್ನ ಅತ್ತಿಗೆ ಇಪ್ಪತ್ತು ವರ್ಷದಿಂದ ಕೇಳುತ್ತಿದ್ದಾಳೆ. ಒಬ್ಬನೇ ಕೂತು ಇಡೀ ಬ್ಯಾಂಡನ್ನು ನಡೆಸುವ ಯಂತ್ರ ಅದು. ಎಡಗೈಯಲ್ಲಿ ಮೂರು ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ ಒಂದು ಕಾರ್ಡ್ ಹಿಡಿದರೆ, ಒಳಗಿರುವ ಡ್ರಮ್ಮು, ಬೇಸು, ಗಿಟಾರು ಎಲ್ಲವೂ ಆ ಕಾರ್ಡಿಗೆ ತಕ್ಕಂತೆ ಬಾರಿಸತೊಡಗುತ್ತವೆ. ಬಲಗೈ ಹಾಡಿನ ರಾಗ ನುಡಿಸುತ್ತದೆ. ಅಂದರೆ ಎಡಗೈ ಯಜಮಾನ, ಬಲಗೈ ಬರೀ ಮಾತುಗಾರ. ಈ ಸತ್ಯವನ್ನು ಲೋಕಕ್ಕೆ ಸಾರಲೆಂದೇ ನಾನು ‘ಎಡಗೈ’ ಅನ್ನುವ ನಾಲ್ಕು ಪುಟದ ಮಾಸಿಕ ಹೊರಡಿಸುತ್ತೇನೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮೇಲೆ ಸುಮ್ಮನೆ ಕೂರಲಾಗದೆ ಶುರು ಮಾಡಿದ್ದು. ಇನ್ನೂರ ಹನ್ನೆರಡು ಚಂದಾದಾರರು. ಅವರಲ್ಲಿ ನೂರಾ ಎಂಬತ್ತು ಜನ ದಡ್ಡರು, ಉಳಿದವರು ಪತ್ರ ಬರೆಯುವುದಿಲ್ಲ.

ಸಲಹೆಗಳೇನೂ ಕಷ್ಟದವಲ್ಲ. ಪವರ್ ಹಾಕುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಇಟ್ಟರೆ ಪೆಡಲ್ ತಿರುಗಾಮುರುಗಾ ಕೆಲಸ ಮಾಡುತ್ತದೆ, ಆಮೇಲೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತೀರಿ. ನೀವೇ ಕಷ್ಟಪಟ್ಟು ಮಾಡಿಕೊಂಡ ರಿದಮ್‌ಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟುಕೊಳ್ಳಿ. ಫ್ಯಾಕ್ಟರಿ ರೀಸೆಟ್ ಒತ್ತಿದ ಮೇಲೆ ನನಗೆ ಫೋನ್ ಮಾಡಿ ಅಳಬೇಡಿ. ಕೀಬೋರ್ಡಿನ ಮೇಲೆ ಟೀ ಲೋಟ ಇಡುವವರು ಇನ್ನು ಮುಂದೆ ಲೋಟವನ್ನೇ ನುಡಿಸಿಕೊಳ್ಳಿ. ಇಂಥವು. ಆದರೆ ಎಲ್ಲಕ್ಕಿಂತ ಮೊದಲನೆಯದು, ಸಲಹೆ ನಂಬರ್ ಒಂದು, ಅದು ನನ್ನ ಜೀವ: ‘ನಿಮ್ಮ ಕೀಬೋರ್ಡಿನಲ್ಲಿ ಒಂದು-ಬೆರಳು ಅನ್ನುವ ಗುಂಡಿ ಇದ್ದರೆ ಅದರ ಮೇಲೆ ಕಪ್ಪು ಟೇಪು ಅಂಟಿಸಿ, ಅದು ಇದೆ ಅನ್ನುವುದನ್ನೇ ಮರೆತುಬಿಡಿ.’

ಆ ಗುಂಡಿ ಸೋಮಾರಿಗಳಿಗಾಗಿ ಮಾಡಿದ್ದು. ಅದನ್ನು ಒತ್ತಿದರೆ ಇಡೀ ಕಾರ್ಡ್ ಹಿಡಿಯುವ ಕಷ್ಟವೇ ಇಲ್ಲ. ಒಂದು ಕೀ ಒತ್ತಿದರೆ ಖುಷಿಯ ಮೇಜರ್ ಕಾರ್ಡು, ಅದರ ಎಡಕ್ಕಿರುವ ಕಪ್ಪು ಕೀಯನ್ನೂ ಸೇರಿಸಿ ಒತ್ತಿದರೆ ಅಳುಮೋರೆಯ ಮೈನರು, ಎಡದ ಬಿಳಿ ಕೀ ಸೇರಿಸಿದರೆ ಮುಂದೇನು ಅಂತ ಕಾಯಿಸುವ ಸೆವೆಂತು. ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಕಾರು ತಳ್ಳಿಸಿಕೊಂಡು ಹೋಗಿ ಡ್ರೈವಿಂಗ್ ಬರುತ್ತೆ ಅಂದ ಹಾಗೆ.

ಏಳು ವರ್ಷದ ಹಿಂದೆ ಬೇಕರಿ ನಡೆಸುವ ಒಬ್ಬ ಹೆಂಗಸು ನನಗೆ ಪತ್ರ ಬರೆದಳು. ‘ಒಂದು-ಬೆರಳಿನಲ್ಲಿ ಸೆವೆಂತ್ ನುಡಿಸಲು ಹೋದರೆ ಬೆರಳು ಕಪ್ಪು ಕೀಗೂ ತಗುಲಿ ಬೇರೇನೋ ಬರುತ್ತದೆ, ಏನು ಮಾಡಲಿ?’ ನಾನು ಮೊದಲ ಪುಟದಲ್ಲೇ ಉತ್ತರ ಹಾಕಿದೆ: ‘ಅಮ್ಮಾ, ನೀವೊಂದು ರೇಡಿಯೋ ಕೊಂಡುಕೊಳ್ಳಿ. ಅದಕ್ಕೂ ಒಂದೇ ಬೆರಳು ಸಾಕು.’ ಆ ತಿಂಗಳು ನನಗೆ ಒಂಬತ್ತು ಮೆಚ್ಚುಗೆಯ ಪತ್ರ ಬಂದವು. ಓದುಗರು ಅವಳಿಗೆ ರೇಡಿಯೋ ಅಮ್ಮ ಅಂತ ಹೆಸರಿಟ್ಟರು. ಅವಳು ಮತ್ತೆಂದೂ ಬರೆಯಲಿಲ್ಲ. ಚಂದಾ ಮಾತ್ರ ನಿಲ್ಲಿಸಲಿಲ್ಲ, ಯಾಕೋ.

ಈಗ ಕೈಯ ವಿಷಯಕ್ಕೆ ಬರೋಣ. ಎರಡು ಆಪರೇಷನ್ ಆದವು. ಹೆಬ್ಬೆರಳು, ತೋರುಬೆರಳು ಬಚಾವು. ನಡುಬೆರಳು, ಉಂಗುರದ ಬೆರಳು, ಕಿರುಬೆರಳು ಮೂರೂ ಡಾಕ್ಟರು ಕೊಟ್ಟ ಮಾತಿನಂತೆ ಜಾಗದಲ್ಲಿವೆ, ಆದರೆ ಕರೆದರೆ ಬರುವುದಿಲ್ಲ.

“ಲೋಟ ಹಿಡೀಬಹುದು, ಬಾಗಿಲು ತೆಗೀಬಹುದು, ಶರ್ಟಿನ ಗುಂಡಿ ಹಾಕ್ಕೊಳ್ಬಹುದು,” ಅಂದರು ಡಾಕ್ಟರು, ಬಹುಮಾನ ಹಂಚುವವರ ಥರ.

“ಕೀಬೋರ್ಡು?”

“ಆಫೀಸ್ ಕೆಲಸಕ್ಕೆ ಏನೂ ತೊಂದರೆ ಇಲ್ಲ.”

ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಕೆಮ್ಮಿದಳು. ಸ್ಕೂಲ್ ಬಸ್ಸಿನ ಡ್ರೈವರ್ ಅವಳು. ದಿನಕ್ಕೆ ಎಪ್ಪತ್ತು ಮಕ್ಕಳ ಎದುರು ನಗು ತಡೆದು ಅಭ್ಯಾಸ ಇದೆ.

ನಗುವ ವಿಷಯವಾಗಿರಲಿಲ್ಲ ಅದು. ಊರಿನ ಈಜುಕೊಳದ ಮೇಲ್ಗಡೆ ಒಂದು ಹಾಲ್ ಇದೆ. ಕೆಳಗಿನ ಕ್ಲೋರಿನ್ ವಾಸನೆ ಮೆಟ್ಟಿಲು ಹತ್ತಿ ಅಲ್ಲಿಗೂ ಬರುತ್ತದೆ, ಗೋಡೆಗಳು ಸದಾ ಬೆವೆತಿರುತ್ತವೆ. ಪ್ರತಿ ಶನಿವಾರ ನಾಲ್ಕರಿಂದ ಆರರ ತನಕ ಅಲ್ಲಿ ನಲವತ್ತು ಐವತ್ತು ಜನ ಬಂದು ಜೋಡಿ ಜೋಡಿಯಾಗಿ ಕುಣಿಯುತ್ತಾರೆ. ಮೂಲೆಯ ಸ್ಟೂಲಿನ ಮೇಲೆ ಕೂತು ಹನ್ನೊಂದು ವರ್ಷದಿಂದ ನುಡಿಸುತ್ತಿದ್ದವನು ನಾನು. ವಾಲ್ಟ್ಸು, ರುಂಬಾ, ಪೋಲ್ಕಾ, ಯಾವ ಕುಣಿತ ಬೇಕಾದರೂ. ಮನೆಯಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಮಾಸಿಕದಲ್ಲಿ ದಡ್ಡರು ಕೇಳುತ್ತಾರೆ. ಆ ಹಾಲಿನಲ್ಲಿ ಮಾತ್ರ ನಾನು ಎಡಗೈ ಇಟ್ಟರೆ ನೂರು ಕಾಲು ಏಳುತ್ತಿದ್ದವು.

ನಾನು ಬ್ಯಾಂಡೇಜ್ ಸುತ್ತಿಕೊಂಡು ಕೂತಿದ್ದ ಹತ್ತು ಶನಿವಾರ ಹಾಲಿನ ಮ್ಯಾನೇಜರ್ ತನ್ನ ಫೋನನ್ನು ಒಂದು ಸ್ಪೀಕರಿಗೆ ಸಿಕ್ಕಿಸಿ ಕಾಲ ನೂಕಿದ. ಹನ್ನೊಂದನೆಯ ವಾರ ಅವನ ಕರೆ ಬಂತು.

“ಹೇಗಿದೀರಾ? ಆತುರ ಏನಿಲ್ಲ. ಫೋನು ಚೆನ್ನಾಗೇ ನಡೀತಿದೆ. ಯಾರೂ ಏನೂ ಅಂದಿಲ್ಲ.”

“ಯಾರೂ ಏನೂ ಅಂದಿಲ್ವಾ?”

“ಇಲ್ಲ. ಈ ಶನಿವಾರ ಆದ್ರೆ ಬಂದು ಒಂದ್ಸಲ ನುಡಿಸಿ ನೋಡಿ. ಆಗ್ಲಿಲ್ವಾ, ಬೇಜಾರ್ ಮಾಡ್ಕೋಬೇಡಿ. ಸುಮ್ನೆ ಯಾಕೆ ಈ ವಯಸ್ಸಲ್ಲಿ ಭಾರ ಹೊರ್ತೀರಾ.”

ಫೋನಿಟ್ಟ ಮೇಲೆ ನನಗೆ ಕೈ ನೋವಿಗಿಂತ ಹೆಚ್ಚು ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ. ಆ ಸ್ಟೂಲು ಕೈತಪ್ಪಿದರೆ ನಾನೊಬ್ಬ ನಿವೃತ್ತ ಲಿಫ್ಟ್ ಮೆಕ್ಯಾನಿಕ್, ಅಷ್ಟೆ. ಶನಿವಾರಕ್ಕೆ ಆರು ದಿನ ಇತ್ತು.

ಅಂದೇ ಕೀಬೋರ್ಡಿನ ಮುಂದೆ ಕೂತು ಕಪ್ಪು ಟೇಪು ಕಿತ್ತೆ. ಹದಿಮೂರು ವರ್ಷದ ಟೇಪು. ಅಂಟು ಉಳಿದುಕೊಂಡು ಗುಂಡಿ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ರೀ, ಅದು ಸೋಮಾರಿಗಳ ಗುಂಡಿ ಅಲ್ವಾ?”

“ನಿನಗೆ ಬೇರೆ ಕೆಲಸ ಇಲ್ವಾ?”

“ಇದೆ. ಆದ್ರೆ ಇದಕ್ಕಿಂತ ಚೆನ್ನಾಗಿಲ್ಲ.”

ಸೋಮಾರಿಗಳ ಗುಂಡಿ ಸುಲಭ ಅಂದುಕೊಂಡಿದ್ದೆ. ಅರ್ಧ ಗಂಟೆಯಲ್ಲಿ ಮಣ್ಣು ಮುಕ್ಕಿದೆ. ಮೇಜರ್ ಬರಬೇಕಾದ ಕಡೆ ಮೈನರ್ ಬಂದು ಖುಷಿಯ ಪೋಲ್ಕಾ ಶವಯಾತ್ರೆಯಂತಾಯಿತು. ಸೆವೆಂತ್ ಹುಡುಕಲು ಹೋದರೆ ಒಳಗಿನ ಬೇಸಿನವನು ಎಲ್ಲಿಗೋ ಹೊರಟುಹೋದ. ನನ್ನ ಮೂರು ಸತ್ತ ಬೆರಳುಗಳು ಹಳೆಯ ಅಭ್ಯಾಸದಿಂದ ಎಲ್ಲೆಂದರಲ್ಲಿ ತಗುಲಿ, ಯಂತ್ರಕ್ಕೆ ನಾನು ಏನು ಹೇಳುತ್ತಿದ್ದೇನೆ ಅನ್ನುವುದೇ ತಿಳಿಯದಾಯಿತು. ಕೈಪಿಡಿ ತೆಗೆದರೆ ಆ ಗುಂಡಿಯ ಬಗ್ಗೆ ಅರ್ಧ ಪುಟವಿದೆ, ಆ ಅರ್ಧ ಪುಟದ ಮೇಲೆ ನಾನೇ ಯಾವ ಕಾಲದಲ್ಲೋ ದೊಡ್ಡದಾಗಿ ಇಂಟು ಗುರುತು ಹಾಕಿ ಅಕ್ಷರ ಕಾಣದಂತೆ ಮಾಡಿದ್ದೆ. ನೂರಾ ಐವತ್ತಾರು ಸಂಚಿಕೆ ಬರೆದ ತಜ್ಞನಿಗೆ, ಹೊಸದಾಗಿ ಕೀಬೋರ್ಡ್ ತಂದವರು ಮೊದಲ ವಾರ ಕಲಿಯುವುದು ಗೊತ್ತಿರಲಿಲ್ಲ.

“ಆ ರೇಡಿಯೋ ಅಮ್ಮನ್ನ ಕೇಳಿ,” ಅಂದಳು ಹೆಂಡತಿ.

“ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಇರೋದೇ ಒಂದು ಮುಖ, ಅದನ್ನೇ ಇಟ್ಕೊಂಡು ಹೋಗಿ. ವಿಳಾಸ ನನಗೆ ಬಾಯಿಪಾಠ. ಪ್ರತಿ ತಿಂಗಳು ಸ್ಟಾಂಪ್ ಅಂಟಿಸೋಳು ನಾನೇ ತಾನೆ?”

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬೇಕರಿಗೆ ಹೋದೆ. ದಾರಿಯುದ್ದಕ್ಕೂ ಒಂದು ಸುಳ್ಳು ಹೊಸೆದುಕೊಂಡೆ: ನನ್ನ ಸ್ನೇಹಿತನೊಬ್ಬನಿಗೆ ಕೈಗೆ ಪೆಟ್ಟಾಗಿದೆ, ಅವನ ಪರವಾಗಿ ಕೇಳಲು ಬಂದಿದ್ದೇನೆ. ನನ್ನ ಎಡಗೈಯಲ್ಲಿ ಮೊಣಕೈ ತನಕ ಪಟ್ಟಿ ಇತ್ತು ಅನ್ನುವುದು ಆ ಸುಳ್ಳಿಗೆ ಅಡ್ಡಿಯಾಗಬಹುದೆಂದು ಹೊಳೆಯಲಿಲ್ಲ.

ಕೌಂಟರಿನ ಹಿಂದೆ ತಲೆಗೆ ಬಲೆ ಟೋಪಿ ಹಾಕಿಕೊಂಡ, ಐವತ್ತು ದಾಟಿದ ಹೆಂಗಸು ಬ್ರೆಡ್ ಕತ್ತರಿಸುತ್ತಿದ್ದಳು. ಮೊಣಕೈ ತನಕ ಹಿಟ್ಟು. ನನ್ನ ಮುಖ ನೋಡಿದಳು, ಕೈ ನೋಡಿದಳು, ಚಾಕು ಕೆಳಗಿಟ್ಟಳು.

“ಎಕ್ಸ್ ಸ್ಟ್ಯಾಂಡಾ?”

ಗುರುತು ಹಿಡಿದುಬಿಟ್ಟಿದ್ದಳು. ‘ಎಡಗೈ’ಯ ಪ್ರತಿ ಸಂಚಿಕೆಯ ತಲೆಯಲ್ಲೂ ನನ್ನ ಫೋಟೋ ಇರುತ್ತದೆ, ಅದೂ ಗದ್ದಕ್ಕೆ ಕೈಕೊಟ್ಟು ಯೋಚಿಸುತ್ತಿರುವ ಭಂಗಿಯಲ್ಲಿ. ಬೇರೆಯವರ ಮಾತು ಕೇಳಿ ಹಾಕಿಸಿದ್ದಲ್ಲ.

“ಸಲಹೆ ನಂಬರ್ ನಾಲ್ಕು,” ಅಂದಳು ಅವಳು. “ಅಂಥವರನ್ನ ಏನಂತ ಕರೀಬೇಕು ಅಂತಾನೂ ಬರೆದಿದ್ರಿ. ನಾನು ಕರೆಯಲ್ಲ, ಬಿಡಿ.”

“ಆ ರೇಡಿಯೋ ವಿಷಯ...” ಅಂತ ಶುರು ಮಾಡಿದೆ.

“ಕೊಂಡೆ.”

“ಏನು?”

“ರೇಡಿಯೋ. ನೀವು ಹೇಳಿದ ಮೇಲೆ ಮಾರನೇ ದಿನಾನೇ ಕೊಂಡೆ. ಅಲ್ಲಿದೆ ನೋಡಿ, ಒಲೆ ಪಕ್ಕ. ತುಂಬಾ ಚೆನ್ನಾಗಿದೆ. ನಿಮ್ಮ ಸಲಹೆಗಳಲ್ಲಿ ಕೆಲಸಕ್ಕೆ ಬಂದಿದ್ದು ಅದೊಂದೇ.”

ಅಂಗಡಿಯಲ್ಲಿ ಬನ್ನು ಕೊಳ್ಳಲು ನಿಂತಿದ್ದ ಇಬ್ಬರು ನನ್ನನ್ನು ತಿರುಗಿ ನೋಡಿದರು. ನಾನು ಯಾರ ಹತ್ತಿರವೂ ಕ್ಷಮೆ ಕೇಳುವವನಲ್ಲ. ಲಿಫ್ಟಿನೊಳಗೆ ಮೂರು ಗಂಟೆ ಸಿಕ್ಕಿಹಾಕಿಕೊಂಡವರಿಗೂ ‘ಈಗ ಸರಿಹೋಯ್ತಲ್ಲ’ ಅಂತಷ್ಟೇ ಹೇಳಿ ಕಳಿಸಿದವನು. ಆದರೂ ಆ ಕೌಂಟರಿನ ಎದುರು ನಿಂತು ಹೇಳಿದೆ: “ತಪ್ಪಾಯ್ತು. ಶನಿವಾರ ನುಡಿಸದೇ ಇದ್ರೆ ನನ್ನ ಜಾಗ ಹೋಗುತ್ತೆ. ಎರಡೇ ಬೆರಳಿವೆ. ಹೇಳಿಕೊಡ್ತೀರಾ?”

ಅವಳು ನನ್ನನ್ನು ನಿಲ್ಲಿಸಿ, ಮೊದಲು ಬನ್ನಿಗೆ ಬಂದ ಇಬ್ಬರನ್ನೂ ಕಳಿಸಿಕೊಟ್ಟಳು. ಅದಕ್ಕೆ ಅವಳಿಗೆ ಹಕ್ಕಿತ್ತು.

“ಒಳಗಡೆ ಬಂದು ಕೈ ತೊಳ್ಕೊಳ್ಳಿ. ತೊಳೆಯೋಕಾಗೋ ಕೈ.”

ಹಿಂಬದಿಯ ಕೋಣೆ ಬೆಚ್ಚಗಿತ್ತು. ಒಂದು ಗೋಡೆಗೆ ಒಲೆ, ನಡುವೆ ಉದ್ದನೆಯ ಮರದ ಮೇಜು, ಅದರ ಎರಡು ಕಡೆ ನಿಂತು ಹಿಟ್ಟು ನಾದುತ್ತಿದ್ದ ಇಬ್ಬರು ಗಟ್ಟಿ ಆಳುಗಳು. ಇನ್ನೊಂದು ಗೋಡೆಗೆ ಎರಡು ಹಿಟ್ಟಿನ ಡಬ್ಬಗಳ ಮೇಲೆ ಹಲಗೆ, ಹಲಗೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೀಬೋರ್ಡು. ಹಿಟ್ಟಿನ ಧೂಳಿರುವ ಕೋಣೆಯಲ್ಲಿ ಕೀಬೋರ್ಡ್! ಸಲಹೆ ನಂಬರ್ ಏಳು ತುಟಿಯ ತುದಿಗೆ ಬಂತು. ನಾಲಿಗೆ ಕಚ್ಚಿಕೊಂಡೆ.

ಅವಳು ಒಲೆಗೆ ಟ್ರೇ ತಳ್ಳಿ ಗಡಿಯಾರ ತಿರುಗಿಸಿದಳು. “ಹದಿನಾಲ್ಕು ನಿಮಿಷ ಇದೆ. ಏಳು ವರ್ಷದಿಂದ ಹದಿನಾಲ್ಕು ಹದಿನಾಲ್ಕು ನಿಮಿಷಾನೇ ಕಲಿತಿದ್ದು ನಾನು. ಪೂರ್ತಿ ಕಾರ್ಡ್ ಹಿಡಿಯೋದು ಕಲಿಯೋಕೆ ಕೂತಿದ್ರೆ ಬ್ರೆಡ್ ಸೀದುಹೋಗ್ತಿತ್ತು.”

ಪ್ಲಾಸ್ಟಿಕ್ ಸರಿಸಿ ನುಡಿಸತೊಡಗಿದಳು. ಎಡಗೈಯಲ್ಲಿ ತೋರುಬೆರಳೊಂದೇ ಕೆಲಸ ಮಾಡುತ್ತಿತ್ತು. ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅವಳು ಮಾತ್ರ ಅದರ ಕಡೆ ಒಮ್ಮೆಯೂ ನೋಡಲಿಲ್ಲ. ಕಣ್ಣೆಲ್ಲ ಮೇಜಿನ ಕಡೆಗೇ. ಆಳುಗಳು ಹಿಟ್ಟಿನ ಮುದ್ದೆಯನ್ನು ಎತ್ತಿ ಮಗುಚುವ ಹೊತ್ತಿಗೆ ಸರಿಯಾಗಿ ಒಂದು ಗುಂಡಿ ಮುಟ್ಟುತ್ತಿದ್ದಳು. ಡ್ರಮ್ಮು ಉರುಳಿ, ಮುದ್ದೆ ಮೇಜಿಗೆ ಬಿದ್ದಾಗ ಧಡ್ ಅನ್ನುತ್ತಿತ್ತು. ಒಬ್ಬ ಭುಜ ಸಡಿಲಿಸಿದ. ಅವಳು ಬ್ಯಾಂಡನ್ನು ಇಳಿಸಿ ಬರೀ ಗಿಟಾರು ಉಳಿಸಿದಳು. ಅವನು ಹಣೆ ಒರೆಸಿಕೊಂಡು ಮತ್ತೆ ಬಾಗಿದ. ಬ್ಯಾಂಡು ಮತ್ತೆ ಬಂತು.

ಹೊಟ್ಟೆ ಉರಿಯಿತು ನನಗೆ. ಅವಳ ಕಾರ್ಡುಗಳು ಮೂರೋ ನಾಲ್ಕೋ, ಅಷ್ಟೇ. ನನಗೆ ನಲವತ್ತು ಗೊತ್ತು. ಆದರೆ ನನ್ನ ಬ್ಯಾಂಡು ಎಂದೂ ಯಾರಿಗೋಸ್ಕರವೂ ಹೀಗೆ ನಿಂತಿರಲಿಲ್ಲ.

“ನೀವು ಕೀ ನೋಡೋದೇ ಇಲ್ವಾ?” ಅಂದೆ.

“ಕೀ ಎಲ್ಲಿಗೆ ಹೋಗುತ್ತೆ? ಅಲ್ಲೇ ಇರುತ್ತೆ.” ಅವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ನಿಮ್ಮ ಹಾಲಿಗೆ ಒಂದ್ಸಲ ಬಂದಿದ್ದೆ ನಾನು. ಆ ಸಂಚಿಕೆ ಬಂದ ವಾರ. ಎಲ್ಲರ ಮುಂದೆ ಉಗಿದು ಹೋಗೋಣ ಅಂತ. ನಿಮ್ಮ ಎದುರಿಗೇ ಹತ್ತು ನಿಮಿಷ ನಿಂತೆ. ತಲೆ ಎತ್ತಲಿಲ್ಲ ನೀವು. ಇಲಿಬೋನು ಕಾಯೋರ ಥರ ಎಡಗೈನೇ ನೋಡ್ತಾ ಕೂತಿದ್ರಿ.”

“ಕಾರ್ಡ್ ತಪ್ಪಬಾರದಲ್ಲ.”

“ತಪ್ಪಲಿಲ್ಲ. ಒಂದೂ ತಪ್ಪಲಿಲ್ಲ. ಅಷ್ಟು ಜನ ಕುಣೀತಾ ಇದ್ರು, ನಿಮಗೆ ಅವರು ಇದ್ರೋ ಇಲ್ವೋ ಅನ್ನೋದೂ ಗೊತ್ತಾಗಲಿಲ್ಲ. ಈ ಮನುಷ್ಯನಿಗೆ ಬೈದೇನು ಉಪಯೋಗ ಅಂತ ಮನೆಗೆ ಬಂದೆ.”

ಆಗ ಗಡಿಯಾರ ಹೊಡೆದದ್ದು ನನ್ನ ಪುಣ್ಯ. ಅವಳು ಟ್ರೇ ತೆಗೆಯಲು ಹೋದಳು. ನಾನು ಹಿಟ್ಟಿನ ಡಬ್ಬದ ಪಕ್ಕ ಬೈಸಿಕೊಂಡ ಸ್ಕೂಲ್ ಹುಡುಗನಂತೆ ನಿಂತಿದ್ದೆ.

ನಾಲ್ಕು ದಿನ ಹೋದೆ. ಹದಿನಾಲ್ಕು ನಿಮಿಷದ ಪಾಠ, ಆಮೇಲೆ ಟ್ರೇ, ಮತ್ತೆ ಪಾಠ. ಹೆಬ್ಬೆರಳನ್ನು ಕಾರ್ಡಿನ ಕೀ ಮೇಲಿಟ್ಟು ತೋರುಬೆರಳನ್ನು ಎಡಕ್ಕೆ ಚಾಚುವುದು ಹೇಳಿಕೊಟ್ಟಳು. ಸೆವೆಂತಿಗೆ ಬಿಳಿ ಕೀಯ ತುದಿಯನ್ನು, ಮೈಗೆ ಹತ್ತಿರದ ಅಂಚನ್ನು ಮಾತ್ರ ಮುಟ್ಟಬೇಕಂತೆ. ಅಲ್ಲಿಗೆ ಕಪ್ಪು ಕೀ ಬರುವುದೇ ಇಲ್ಲ. ಏಳು ವರ್ಷದ ಹಿಂದೆ ನನ್ನನ್ನು ಕೇಳಿದ ಪ್ರಶ್ನೆಗೆ ಅವಳೇ ಉತ್ತರ ಕಂಡುಕೊಂಡಿದ್ದಳು. ಒಂದೇ ಸಾಲಿನ ಉತ್ತರ. ನಾನು ಹಾಕಿದ ಹಾಸ್ಯಕ್ಕಿಂತ ಚಿಕ್ಕದು.

ಎಡಗೈಗೆ ಮೀಸಲಾದ ಭಾಗವನ್ನು ಕಿರಿದು ಮಾಡಿ ಬಲಗೈಗೆ ಇನ್ನಷ್ಟು ಜಾಗ ಬಿಡಿಸಿಕೊಳ್ಳುವುದನ್ನೂ ತೋರಿಸಿದಳು. ಸತ್ತ ಮೂರು ಬೆರಳುಗಳಿಗೆ ಒಂದು ಬಟ್ಟೆಯ ಪಟ್ಟಿ ಸುತ್ತಿ ಅವು ಮಧ್ಯೆ ಬಾಯಿ ಹಾಕದ ಹಾಗೆ ಮಾಡಿದಳು. ಕಡೆಯ ದಿನ ಹಿಟ್ಟು ಮುಚ್ಚುವ ಬಟ್ಟೆಯನ್ನು ತಂದು ನನ್ನ ಎರಡೂ ಕೈಗಳ ಮೇಲೆ ಹೊದಿಸಿಬಿಟ್ಟಳು.

“ಏನೂ ಕಾಣಲ್ಲ!”

“ಅವರು ಕಾಣ್ತಾರಲ್ಲ,” ಅಂತ ಆಳುಗಳ ಕಡೆ ತೋರಿಸಿದಳು. “ಅವರನ್ನ ನೋಡ್ಕೊಂಡು ನುಡಿಸಿ.”

ನುಡಿಸಿದೆ. ಮೊದಲು ಎಂಟು ತಪ್ಪಾದವು, ಆಮೇಲೆ ಮೂರು. ಮುದ್ದೆ ಮಗುಚುವ ಹೊತ್ತಿಗೆ ಡ್ರಮ್ಮು ಉರುಳಿಸಿದಾಗ ಆಳುಗಳಲ್ಲೊಬ್ಬ ತಲೆ ಎತ್ತಿ ಹಲ್ಲು ಬಿಟ್ಟ. ಮೂವತ್ತು ವರ್ಷದಿಂದ ಕೀಬೋರ್ಡು ನುಡಿಸುತ್ತಿದ್ದೇನೆ, ನನ್ನನ್ನು ನೋಡಿ ಯಾರಾದರೂ ಹಾಗೆ ನಕ್ಕದ್ದು ನೆನಪಿಲ್ಲ. ನಕ್ಕಿರಬಹುದು. ನಾನು ನೋಡಿರಲಿಲ್ಲ.

ಶನಿವಾರ ಮೂರೂವರೆಗೆ ಹಾಲ್ ತಲುಪಿದೆವು. ಕೀಬೋರ್ಡನ್ನು ಹೆಂಡತಿಯೇ ವ್ಯಾನಿನಿಂದ ಇಳಿಸಿ ಮೆಟ್ಟಿಲ ಮೇಲೆ ಹೊತ್ತು ತಂದಳು, ಸ್ಟ್ಯಾಂಡು ಬಿಡಿಸಿದಳು, ಪಿನ್ನನ್ನು ಎರಡು ಸಲ ಟಕ್ ಟಕ್ ಅನ್ನಿಸಿ ನನ್ನ ಮುಖ ನೋಡಿ, “ಕೇಳಿಸ್ತಾ?” ಅಂತ ಕೇಳಿ ಹೊರಟಳು. ಮ್ಯಾನೇಜರ್ ಸ್ಪೀಕರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ತಂತಿ ಆಗಲೇ ಸಿಕ್ಕಿಸಿಯೂ ಆಗಿತ್ತು. ಅಷ್ಟು ನಂಬಿಕೆ ನನ್ನ ಮೇಲೆ.

ಜನ ಬಂದರು. ಕೆಲವರು ಕೈ ಹೇಗಿದೆ ಅಂದರು. ಒಬ್ಬಾತ, “ಫೋನಲ್ಲಿ ಹಾಡುಗಾರರೂ ಇದ್ರು,” ಅಂದ. ನಾಲ್ಕು ಹೊಡೆಯಿತು. ಒಂದು-ಬೆರಳಿನ ಗುಂಡಿ ಒತ್ತಿದೆ. ಅದರ ದೀಪ ಎಲ್ಲರಿಗೂ ಕಾಣುವಂತೆ ಕೆಂಪಗೆ ಹೊತ್ತಿಕೊಂಡಿತು. ಆ ದೀಪದ ಅರ್ಥ ಆ ಹಾಲಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು, ಆದರೂ ಎಲ್ಲರೆದುರು ಬಟ್ಟೆ ಬಿಚ್ಚಿದಂತೆ ನಾಚಿಕೆಯಾಯಿತು.

ವಾಲ್ಟ್ಸಿನಿಂದ ಶುರು ಮಾಡಿದೆ. ಎರಡನೆಯ ಸಾಲಿನಲ್ಲೇ ಬೆರಳು ಜಾರಿ ಮೈನರ್ ಬಂತು. ಮ್ಯಾನೇಜರನ ಹೆಬ್ಬೆರಳು ಫೋನಿನ ಮೇಲೆ ಎದ್ದಿತು. ಕೈ ನೋಡಿಕೊಳ್ಳಬೇಕು ಅನ್ನುವ ಆಸೆಯನ್ನು ಹಲ್ಲು ಕಚ್ಚಿ ತಡೆದು, ತಲೆ ಎತ್ತಿದೆ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಹಾಲನ್ನು ನೋಡಿದೆ. ಕಂಬದ ಹತ್ತಿರ ಒಂದು ಮುದಿಜೋಡಿ ತಿರುಗಲಾಗದೆ ಪ್ರತಿ ಸಲವೂ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅವರು ಕಂಬಕ್ಕೆ ಬರುವ ಹೊತ್ತಿಗೆ ಡ್ರಮ್ಮನ್ನು ಒಂದು ಸುತ್ತು ಉರುಳಿಸಿದೆ, ಅದನ್ನು ಹಿಡಿದುಕೊಂಡು ಅವರು ತಿರುಗಿಬಿಟ್ಟರು. ಮುದುಕಿ ಖುಷಿಗೆ ಓ ಅಂತ ಕೂಗಿದಳು. ನಾನು ಇಷ್ಟು ವರ್ಷ ಯಾವನೋ ಸೊಕ್ಕಿನವನು ನೆಲ ಒದೆಯುತ್ತಾನೆ ಅಂದುಕೊಂಡು ಬೈದುಕೊಳ್ಳುತ್ತಿದ್ದ ಸದ್ದು ಒಬ್ಬ ಸಣಕಲು ಮನುಷ್ಯನ ಕಬ್ಬಿಣದ ಕಾಲುಪಟ್ಟಿಯದಾಗಿತ್ತು. ಅವನಿಗಾಗಿ ಬೇಸನ್ನು ಸ್ವಲ್ಪ ಜೋರು ಮಾಡಿದೆ. ಅವನ ಸದ್ದು ಅದರೊಳಗೆ ಸೇರಿಕೊಂಡಿತು. ತಪ್ಪುಗಳು ಬಂದವು, ಹೋದವು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೂರನೆಯ ಹಾಡಿನ ಹೊತ್ತಿಗೆ ಮ್ಯಾನೇಜರ್ ಫೋನನ್ನು ಜೇಬಿಗೆ ಹಾಕಿಕೊಂಡು ಎದ್ದು ಹೋಗಿ ಯಾರನ್ನೋ ಕೈಹಿಡಿದು ಎಬ್ಬಿಸಿದ.

ಗೆದ್ದೆ ಅಂದುಕೊಂಡೆ. ಆಗಲೇ ಹಿಂದಿನ ಸಾಲಿನಲ್ಲಿ, ಬೆವೆತ ಗೋಡೆಯ ಪಕ್ಕದಲ್ಲಿ, ನನ್ನ ಹೆಂಡತಿ ಕುಣಿಯುತ್ತಿರುವುದು ಕಂಡಿತು.

ಈಜುಕೊಳದಲ್ಲಿ ಟಿಕೆಟ್ ಹರಿಯುವ ಕುಳ್ಳನ ಜೊತೆ. ಅವನು ಅವಳ ಭುಜದ ತನಕ ಬರುತ್ತಿದ್ದ. ಅವಳ ಕೂದಲು ಬಿಚ್ಚಿತ್ತು. ಬಸ್ಸಿನ ಸ್ಟಿಯರಿಂಗ್ ತಿರುಗಿಸುವ ಅವಳ ಆ ಗಟ್ಟಿ ಭುಜಗಳು ಹಗುರಾಗಿದ್ದವು. ಚೆನ್ನಾಗಿ ಕುಣಿಯುತ್ತಿದ್ದಳು, ಬರೀ ಒಂದೆರಡು ದಿನದಲ್ಲಿ ಬರುವಂಥದ್ದಲ್ಲ ಅದು. ಪಕ್ಕದ ಜೋಡಿಗಳು ಕೇಳದೆಯೇ ಅವಳಿಗೆ ಜಾಗ ಬಿಡುತ್ತಿದ್ದವು. ನನ್ನ ಎಡಗೈ ಕೀ ಬಿಟ್ಟು ಗಾಳಿಯಲ್ಲಿ ನಿಂತಿತು. ಪುಣ್ಯಕ್ಕೆ ಕೈ ಎತ್ತಿದರೂ ಕೊನೆಯ ಕಾರ್ಡನ್ನೇ ಬಾರಿಸುತ್ತಾ ಹೋಗುವುದು ಆ ಯಂತ್ರದ ಗುಣ. ಅದು ಬಾರಿಸಿತು. ನಾನು ನೋಡುತ್ತಾ ಕೂತೆ.

ಬಿಡುವು ಕೊಟ್ಟಾಗ ಮ್ಯಾನೇಜರ್ ಬಂದು ಬೆನ್ನು ತಟ್ಟಿದ. “ಮುಂದಿನ ಶನಿವಾರ ಬೇಗ ಬನ್ನಿ, ಸ್ಟೂಲಿಗೊಂದು ದಿಂಬು ಹಾಕಿಸ್ತೀನಿ,” ಅಂದ. ಆರು ದಿನದಿಂದ ಕೇಳಬೇಕೆಂದಿದ್ದ ಮಾತು. ತಲೆಯಾಡಿಸಿ ಅವನನ್ನು ದಾಟಿಕೊಂಡು ಹೋದೆ.

ಅವಳು ಕಿಟಕಿಯ ಹತ್ತಿರ ನಿಂತು ನೀರು ಕುಡಿಯುತ್ತಿದ್ದಳು. ಕುತ್ತಿಗೆಯೆಲ್ಲ ಬೆವರು.

“ನೀನು ಇಲ್ಲಿ...”

“ಹೂಂ.”

“ನನ್ನ ಬಿಟ್ಟು ಮಾರ್ಕೆಟ್‌ಗೆ ಹೋಗ್ತೀಯ ಅಂದ್ಕೊಂಡಿದ್ದೆ.”

“ಮೊದಲ ಎರಡು ವಾರ ಹೋದೆ,” ಅಂದಳು. “ಎಷ್ಟು ತರಕಾರಿ ಅಂತ ಕೊಳ್ಳೋದು? ಮೂರನೇ ವಾರದಿಂದ ಇಲ್ಲೇ.”

“ಹನ್ನೊಂದು ವರ್ಷ?”

“ನಿಮ್ಮ ಎದುರಿಗೇ ಕುಣೀತಿದ್ದೆ. ಎರಡ್ಮೂರು ಸಲ ಕೈಯೂ ಬೀಸಿದೆ. ನೀವು ತಲೆ ಎತ್ತಲಿಲ್ಲ.” ಲೋಟ ಕಿಟಕಿಯ ಮೇಲಿಟ್ಟಳು. “ನಾನು ಕುಣಿಯೋದು ನಿಮಗೆ ಇಷ್ಟ ಇಲ್ವೇನೋ, ಅದಕ್ಕೇ ನೋಡದ ಹಾಗೆ ಇರ್ತೀರೇನೋ ಅಂದ್ಕೊಂಡೆ. ಆಮೇಲೆ ಆ ಮಾತೇ ಎತ್ತಲಿಲ್ಲ.”

ಇಡೀ ಹಾಲಿಗೆ ಗೊತ್ತಿದ್ದ ಹೆಂಗಸು ನನಗೆ ಗೊತ್ತಿರಲಿಲ್ಲ. ನಾಚಿಕೆಯೂ ಆಯಿತು, ಅಳುವೂ ಬಂತು.

“ಈಗ ನೋಡಿದ್ರಲ್ಲ,” ಅಂದಳು. “ಹೇಗಿತ್ತು?”

ಬಾಯಿ ತೆರೆದರೆ ಬಂದದ್ದು ಇಷ್ಟು: “ಬಲಗಾಲು ಒಂಚೂರು ತಡವಾಗಿ ಬೀಳುತ್ತೆ.”

ಹೇಳಿದ ಮೇಲೆ ಸಾಯಬೇಕೆನ್ನಿಸಿತು. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಹಾಲೆಲ್ಲ ತಿರುಗಿ ನೋಡುವಂತೆ ನಕ್ಕಳು.

“ನನ್ನ ಕಾಲು ತಡ ಅಲ್ಲ ರೀ, ನಿಮ್ಮ ವಾಲ್ಟ್ಸೇ ಅವಸರ. ಮೊದಲಿಂದಲೂ. ಎಲ್ಲರೂ ನಿಮ್ಮ ಹಿಂದೆ ಓಡ್ತಾ ಬಂದಿದೀವಿ.”

“ಯಾರೂ ಹೇಳಲಿಲ್ವಲ್ಲ!”

“ಯಾರಿಗೆ ಹೇಳೋದು? ನಿಮ್ಮ ನೆತ್ತಿಗಾ?”

“ನಾನಿಲ್ಲದ ಆ ಹತ್ತು ಶನಿವಾರಾನೂ ಮಾರ್ಕೆಟ್ ಅಂತ ಹೊರಟು ಇಲ್ಲಿ ಫೋನಿಗೆ ಕುಣಿದ್ಯಲ್ಲ,” ಅಂದೆ. ಕೇಳಬಾರದಿತ್ತು. “ಅದು ಹೇಗಿತ್ತು?”

“ಫೋನು ಸರಿಯಾಗಿತ್ತು. ಆದ್ರೆ ಅದನ್ನ ಮನೆಗೆ ಕರ್ಕೊಂಡು ಹೋಗೋ ಹಾಗಿರಲಿಲ್ಲ, ಅದೊಂದೇ ಬೇಜಾರು.”

“ವಾಲ್ಟ್ಸಿನ ವೇಗ ಎಷ್ಟು ಇಳಿಸ್ಲಿ? ಈಗ ನಿಮಿಷಕ್ಕೆ ನೂರಿಪ್ಪತ್ತು ತಾಳ ಇದೆ.”

“ನಿಮ್ಮ ಅಂಕಿ ನನಗೇನು ಗೊತ್ತು? ನೋಡಿ ಇಳಿಸಿ.” ಹಾಗೆಂದು ಕುಳ್ಳನ ಕೈ ಹಿಡಿದುಕೊಂಡು ಹೋಗಿ ನಿಂತಳು.

ಸ್ಟೂಲಿಗೆ ಬಂದು ಕೂತು ಅದೇ ವಾಲ್ಟ್ಸನ್ನು ಮತ್ತೆ ಶುರು ಮಾಡಿದೆ. ಕಣ್ಣು ಅವಳ ಬಲಗಾಲಿನ ಮೇಲೆ ಇಟ್ಟೆ. ನೂರಿಪ್ಪತ್ತಕ್ಕೆ ಕಾಲು ತಾಳದ ಹಿಂದೆ ಬಿತ್ತು. ಒಂದೊಂದಾಗಿ ಇಳಿಸಿದೆ. ನೂರ ಹದಿನೇಳಕ್ಕೂ ಹಿಂದೆಯೇ. ನೂರ ಹದಿನೈದಕ್ಕೆ ಹತ್ತಿರ ಬಂತು. ನೂರ ಹದಿನಾಲ್ಕಕ್ಕೆ ಅವಳ ಹೆಜ್ಜೆ ಸರಿಯಾಗಿ ಡ್ರಮ್ಮಿನ ಮೇಲೆ ಬಿದ್ದಿತು. ಅವಳೊಬ್ಬಳದೇ ಅಲ್ಲ, ಇಡೀ ಹಾಲು ಒಮ್ಮೆಲೇ ಉಸಿರು ಬಿಟ್ಟಂತೆ ನಿಧಾನವಾಯಿತು. ಅವಳು ಕುಳ್ಳನ ತಲೆಯ ಮೇಲಿಂದ ನನ್ನ ಕಡೆ ನೋಡಿ, ಇದೇ, ಅನ್ನುವ ಹಾಗೆ ಕಣ್ಣು ಮಿಟುಕಿಸಿದಳು. ಹನ್ನೊಂದು ವರ್ಷ ನಾನು ಆರು ಅಂಕ ಜಾಸ್ತಿ ಇಟ್ಟು ಅವಳನ್ನು ಓಡಿಸಿದ್ದೆ.